ವಿಂಡೋಗೂ ಒಂದು ಹದ್ದುಬಸ್ತು: ಎರಡನೇ ಸ್ಕ್ರೀನ್ ನಮ್ಮ ತಾಲ್ಲೂಕು ಕಚೇರಿಗೆ ಬಂದ ಕಥೆ

(ಭಾಗ 1)

ಫೋಟೋದಲ್ಲಿ ಕಾಣ್ತಿರೋದು ನನ್ನ ಮೇಜು. ಒಂದು ಹಳೇ ಲ್ಯಾಪ್‌ಟಾಪ್, ಪಕ್ಕದಲ್ಲಿ ಸೆಕೆಂಡ್‌ಹ್ಯಾಂಡ್ ಮಾನಿಟರ್. ಮೊನ್ನೆ ಸಂಜೆ ಕರೆಂಟು ಹೋಯ್ತು. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಅದು ನಡೀತಾನೇ ಇತ್ತು. ಮಾನಿಟರ್ ಮಾತ್ರ ಕಪ್ಪಾಯ್ತು. ಐದು ನಿಮಿಷಕ್ಕೆ ಕರೆಂಟು ಬಂತು, ಮಾನಿಟರ್ ಹತ್ತಿಕೊಂಡಿತು, ಆದರೆ ಅದರ ಮೇಲೆ ಒಂದೇ ಒಂದು ವಿಂಡೋ ಇರಲಿಲ್ಲ. ಬರೀತಿದ್ದ ಫೈಲು, ಪಕ್ಕದಲ್ಲಿಟ್ಟುಕೊಂಡಿದ್ದ ಪಿಡಿಎಫ್, ಅರ್ಧ ನೋಡಿದ್ದ ಪಾಠದ ವಿಡಿಯೋ, ಎಲ್ಲಾ ಲ್ಯಾಪ್‌ಟಾಪಿನ ಚಿಕ್ಕ ಸ್ಕ್ರೀನಿಗೆ ಓಡಿಬಂದು ಒಂದರ ಮೇಲೊಂದು ಕೂತಿದ್ದವು. ಸಂತೆ ದಿನ ಸಾಯಂಕಾಲದ ಕೊನೇ ಬಸ್ಸು ನೋಡಿದ್ದೀರಲ್ಲ, ಹಾಗೆ.

ಎರಡು ಮಾನಿಟರ್ ಇಟ್ಟುಕೊಂಡಿರೋ ಪ್ರತಿಯೊಬ್ಬರಿಗೂ ಇದು ಗೊತ್ತಿರೋ ಗೋಳು. ನಮ್ಮ ಕ್ಲಾಸಿನವರಲ್ಲೇ ನಾಲ್ಕೈದು ಜನ ಕೇಳಿದ್ರಿ, "ಇದಕ್ಕೊಂದು ಸೆಟ್ಟಿಂಗ್ ಇಲ್ವಾ?" ಅಂತ. ಇದೆ, ಹೇಳ್ತೀನಿ. ಆದರೆ ಹುಡುಕ್ತಾ ಹೋದಾಗ ಈ ಪ್ರಶ್ನೆಗೆ ನಾನು ಅಂದುಕೊಳ್ಳದೇ ಇದ್ದ ಒಂದು ಚರಿತ್ರೆ ಸಿಕ್ತು. ಅದರ ಒಂದು ತುದಿ ಅಮೆರಿಕದಲ್ಲಿದೆ. ಇನ್ನೊಂದು ತುದಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ತಾಲ್ಲೂಕು ಕಚೇರಿಗಳಲ್ಲಿ, ಪಹಣಿ ಕೊಡೋ ಕೌಂಟರಿನಲ್ಲಿದೆ. ಯಾವ ವಿಂಡೋ ಯಾವ ಸ್ಕ್ರೀನಿನ ಮೇಲೆ ನಿಲ್ಲಬೇಕು ಅನ್ನೋ ಪ್ರಶ್ನೆ ನಿಮಗೆ ಕಿರಿಕಿರಿ ಅಷ್ಟೇ. ಆ ಕೌಂಟರಿನ ಮುಂದೆ ನಿಂತವರಿಗೆ ಅದು ಜಮೀನಿನ ಪ್ರಶ್ನೆ.

(ಭಾಗ 2)

ಮೊದಲು ವಿಂಡೋ ಜಾಗ ತಪ್ಪೋದು ಹೇಗೆ ಅಂತ ನೋಡೋಣ. ಜಮೀನು ಇರೋ ಮನೆಯಲ್ಲಿ ಹುಟ್ಟಿದ್ರೆ 'ಹದ್ದುಬಸ್ತು' ಅನ್ನೋ ಪದ ಕೇಳಿರ್ತೀರಿ. ಪಕ್ಕದವರು ಬದು ಒತ್ತಿದ್ರು ಅನ್ನೋ ಅನುಮಾನ ಬಂದಾಗ ಅರ್ಜಿ ಹಾಕ್ತೀವಿ, ಸರ್ವೆಯವರು ಬಂದು ಅಳೆದು ಎಲ್ಲೆ ಗುರುತಿಸಿ ಕೊಡ್ತಾರೆ. ಅವರು ಅಳೆಯೋಕೆ ಮುಂಚೆ ಏನು ಮಾಡ್ತಾರೆ ಗಮನಿಸಿದ್ದೀರಾ? ಹಳೇ ಸರ್ವೆ ಕಲ್ಲು ಹುಡುಕ್ತಾರೆ. ಅದು ಸಿಗೋವರೆಗೂ ಅಳತೆ ಶುರುವಾಗಲ್ಲ. ಯಾಕಂದ್ರೆ 33 ಅಡಿ ಸರಪಳಿಯನ್ನ ಎಲ್ಲಿಂದ ಹಿಡಿದ್ರಿ ಅನ್ನೋದೇ ಗೊತ್ತಿಲ್ಲದಿದ್ರೆ ಎಷ್ಟು ಸರಿಯಾಗಿ ಅಳೆದರೂ ದಂಡ. (ಆ ಸರಪಳಿ ಉದ್ದದ ಚೌಕವೇ ಒಂದು ಗುಂಟೆ, 1,089 ಚದರ ಅಡಿ. ಅಂಥವು 40 ಸೇರಿದ್ರೆ ಎಕರೆ. ಇದನ್ನ ಸ್ಕೂಲಲ್ಲಿ ಯಾಕೆ ಹೇಳಿಕೊಡಲಿಲ್ಲವೋ!)

ಕಂಪ್ಯೂಟರ್ ಕೂಡ ಹೀಗೇ. ವಿಂಡೋಸ್‌ನಲ್ಲಿ ಮುಖ್ಯ ಮಾನಿಟರಿನ ಎಡ ಮೇಲಿನ ಮೂಲೆಯೇ ಸರ್ವೆ ಕಲ್ಲು. ಅದಕ್ಕೆ ಸೊನ್ನೆ, ಸೊನ್ನೆ ಅಂತ ಹೆಸರು. ಅಲ್ಲಿಂದ ಬಲಕ್ಕೆ ಒಂದು ಎಣಿಕೆ, ಕೆಳಕ್ಕೆ ಒಂದು ಎಣಿಕೆ. ನಿಮ್ಮ ಮುಖ್ಯ ಮಾನಿಟರ್ 1920 ಪಿಕ್ಸೆಲ್ ಅಗಲ ಇದ್ದು, ಎರಡನೆಯದನ್ನ ಅದರ ಬಲಕ್ಕೆ ಇಟ್ಟಿದ್ರೆ, ಅದರ ಜಮೀನು 1920ನೇ ನಂಬರಿನಿಂದ ಶುರು. ಎಡಕ್ಕೆ ಇಟ್ಟಿದ್ರೆ ಅದರ ನಂಬರುಗಳು ಸೊನ್ನೆಗಿಂತ ಕಡಿಮೆ, ಅಂದರೆ ಮೈನಸ್. ಕಂಪ್ಯೂಟರಿನ ಲೆಕ್ಕದಲ್ಲಿ ಎರಡು ಮಾನಿಟರ್ ಅಂದ್ರೆ ಎರಡು ಹೊಲ ಅಲ್ಲ, ಒಂದೇ ದೊಡ್ಡ ಹೊಲದ ಎರಡು ಹಿಸ್ಸೆ.

ಈಗ ಒಂದು ವಿಂಡೋ 2100ನೇ ನಂಬರಿನಲ್ಲಿ ನಿಂತಿದೆ ಅಂದುಕೊಳ್ಳಿ. ಎರಡನೇ ಮಾನಿಟರಿನ ವೈರು ಕಿತ್ತರೆ? ಆ ನಂಬರಿನಲ್ಲಿ ನೆಲವೇ ಇಲ್ಲ. ಅದಕ್ಕೇ ಸಿಸ್ಟಮ್ ಆ ವಿಂಡೋವನ್ನ ಎತ್ತಿ ಉಳಿದ ಸ್ಕ್ರೀನಿಗೆ ತಂದು ಹಾಕುತ್ತೆ. ಪಾಪ, ಅದರ ತಪ್ಪೇನಿಲ್ಲ. ನೀರಲ್ಲಿ ಮುಳುಗೋ ಊರಿಂದ ಜನರನ್ನ ಎತ್ತಿ ತಂದ ಹಾಗೆ. ತಪ್ಪು ಇರೋದು ಅದಾದ ಮೇಲೆ: ನೆಲ ವಾಪಸ್ ಬಂದಾಗ ಯಾರು ಎಲ್ಲಿದ್ರು ಅನ್ನೋದನ್ನ ಅದು ಬರೆದಿಟ್ಟುಕೊಂಡಿರಲ್ಲ. ಇನ್ನು ಕೆಲವು ಪ್ರೋಗ್ರಾಮುಗಳು ಮುಚ್ಚುವಾಗ ತಮ್ಮ ಜಾಗದ ನಂಬರನ್ನ ತಾವೇ ಬರೆದಿಟ್ಟುಕೊಂಡು, ಮುಂದಿನ ಸಲ ಕಣ್ಣು ಮುಚ್ಚಿ ಅಲ್ಲಿಗೇ ಹೋಗಿ ನಿಂತುಬಿಡ್ತವೆ, ಅಲ್ಲಿ ಮಾನಿಟರ್ ಇಲ್ಲದಿದ್ರೂ. ಕೆಳಗಿನ ಪಟ್ಟಿಯಲ್ಲಿ ಹೆಸರು ಕಾಣುತ್ತೆ, ಎಷ್ಟು ಒತ್ತಿದ್ರೂ ಸ್ಕ್ರೀನಿನ ಮೇಲೆ ಬರಲ್ಲ. ದಾಖಲೆಯಲ್ಲಿ ಇದೆ, ಸ್ಥಳದಲ್ಲಿ ಇಲ್ಲ. ಈ ಮಾತನ್ನೂ ನಮ್ಮ ಕಡೆ ಜಮೀನಿನ ವಿಷಯದಲ್ಲೇ ಮೊದಲು ಕೇಳಿರ್ತೀರಿ.

(ಭಾಗ 3)

ಚರಿತ್ರೆಯ ಅಮೆರಿಕದ ತುದಿಯನ್ನ ಬೇಗ ಮುಗಿಸ್ತೀನಿ.

1985ರ ನವೆಂಬರ್‌ನಲ್ಲಿ ಬಂದ ಮೊದಲ ವಿಂಡೋಸ್‌ನಲ್ಲಿ ಈ ತಲೆನೋವೇ ಇರಲಿಲ್ಲ. ಅಲ್ಲಿ ವಿಂಡೋಗಳು ಒಂದರ ಮೇಲೊಂದು ಬರುವಂತಿರಲಿಲ್ಲ. ಮಾಲೂರು ಹೆಂಚು ಜೋಡಿಸಿದ ಹಾಗೆ ಪಕ್ಕಪಕ್ಕದಲ್ಲೇ ಕೂರಬೇಕಿತ್ತು. 1987ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಒಂದರ ಮೇಲೊಂದು ಇಡೋ ಸ್ವಾತಂತ್ರ್ಯ ಸಿಕ್ತು. ಅದೇ 1987ರಲ್ಲಿ ಆಪಲ್ ಕಂಪನಿ ಮ್ಯಾಕಿಂತೋಶ್ 2 ಅನ್ನೋ ಯಂತ್ರ ತಂತು. ಅದರೊಳಗೆ ಒಂದಕ್ಕಿಂತ ಹೆಚ್ಚು ವಿಡಿಯೋ ಕಾರ್ಡ್ ಹಾಕಬಹುದಿತ್ತು, ಮಾನಿಟರುಗಳನ್ನ ಪಕ್ಕಪಕ್ಕ ಇಟ್ಟು ಒಂದರಿಂದ ಇನ್ನೊಂದಕ್ಕೆ ವಿಂಡೋ ಎಳೆಯಬಹುದಿತ್ತು. ಬೆಲೆ ಮಾತ್ರ ಸಾಮಾನ್ಯರ ಕೈಗೆಟುಕೋದಲ್ಲ. ಪುಟ ವಿನ್ಯಾಸ, ಚಿತ್ರದ ಕೆಲಸ ಮಾಡೋ ಕಚೇರಿಗಳಿಗೆ ಸರಿ.

ಉಳಿದ ಜಗತ್ತಿಗೆ ಅದು ಸಿಕ್ಕಿದ್ದು ವಿಂಡೋಸ್ 98ರಲ್ಲಿ. ಒಂದೇ ಕಂಪ್ಯೂಟರಿಗೆ 9 ಮಾನಿಟರ್ ತನಕ ಅಂತ ಮೈಕ್ರೋಸಾಫ್ಟ್ ಹೇಳಿಕೊಂಡಿತು. ಒಂಬತ್ತು! ನಮ್ಮ ಜಿಲ್ಲೆಯ ಎಷ್ಟೋ ಊರುಗಳಿಗೆ ಆಗ ಒಂದು ಕಂಪ್ಯೂಟರೂ ಬಂದಿರಲಿಲ್ಲ. ಹೀಗಾಗಿ 98ರ ಹೊತ್ತಿಗೆ ವಿಂಡೋ ಎಲ್ಲಿ ಬೇಕಾದ್ರೂ ಹೋಗಬಹುದು ಅನ್ನೋದು ಆಯ್ತು. ಹೋದದ್ದು ಅಲ್ಲೇ ಉಳಿಯುತ್ತೆ ಅನ್ನೋ ಭರವಸೆ ಬರೋಕೆ ಇನ್ನೂ 23 ವರ್ಷ ಬೇಕಾಯ್ತು. ಅದಕ್ಕೆ ಆಮೇಲೆ ಬರ್ತೀನಿ.

(ಭಾಗ 4)

ಈಗ ನಮ್ಮೂರು. ಇಲ್ಲಿ ಸ್ವಲ್ಪ ಹಿಂದಿನಿಂದ ಬರಬೇಕು, ಸಹಿಸ್ಕೊಳ್ಳಿ.

ಕೋಲಾರಮ್ಮನ ಗುಡಿಗೆ ಹೋದವರೆಲ್ಲ ಗೋಡೆ ಮೇಲಿನ ಅಕ್ಷರ ನೋಡಿರ್ತೀರಿ. ಚೋಳರ ಕಾಲದ ತಮಿಳು ಶಾಸನಗಳು. ಕೋಲಾರ ಜಿಲ್ಲೆಯ ಶಾಸನಗಳನ್ನೆಲ್ಲ ಬಿ. ಎಲ್. ರೈಸ್ ಅವರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟವಾಗಿ ಪ್ರಕಟಿಸಿದರು, ತಾಲ್ಲೂಕುವಾರು ನಂಬರ್ ಹಾಕಿ: ಕೋಲಾರದ್ದು, ಮುಳಬಾಗಿಲಿನದು, ಮಾಲೂರಿನದು, ಶ್ರೀನಿವಾಸಪುರದ್ದು. ತೆರೆದು ನೋಡಿದ್ರೆ ಅದರಲ್ಲಿ ಎಷ್ಟೊಂದು ಜಮೀನಿನ ಕಾಗದ! ಇಂಥವರು ಇಂಥವರಿಗೆ ಇಷ್ಟು ಗದ್ದೆ ಕೊಟ್ಟರು, ಮೂಡಲಿಗೆ ಇದು ಎಲ್ಲೆ, ಪಡುವಲಿಗೆ ಅದು ಎಲ್ಲೆ, ಇದನ್ನ ಕೆಡಿಸಿದವರಿಗೆ ಶಾಪ.

ರಾಜರ ದಾನವನ್ನ ಹೊಗಳೋಕೆ ಇದನ್ನ ಹೇಳ್ತಿಲ್ಲ. ಆ ದಾಖಲೆಯನ್ನ ನಿಲ್ಲಿಸಿದ ಜಾಗ ನೋಡಿ. ಗುಡಿ ಗೋಡೆ, ಕೆರೆ ಏರಿ, ಊರ ಬಾಗಿಲು, ಹೊಲದ ಬದು. ಓದೋಕೆ ಬರೋದು ಹತ್ತು ಜನಕ್ಕಿರಬಹುದು, ಆದರೆ ಓದಿಸ್ಕೊಳ್ಳೋಕೆ ಯಾರು ಬೇಕಾದ್ರೂ ಹೋಗಬಹುದಿತ್ತು. ಕಲ್ಲು ಯಾರ ಕಡೆಗೂ ಬೆನ್ನು ಹಾಕಿ ಕೂತಿರಲಿಲ್ಲ.

ಬೆನ್ನು ಹಾಕಿ ಕೂತಿದ್ದು ಶಾನುಭೋಗರ ಲೆಕ್ಕ. ಹುಣಸೆ ಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿದ ಬಟ್ಟೆಯನ್ನ ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆದಿಡ್ತಿದ್ದ ಕಡತಗಳು. (ಕಚೇರಿ ಫೈಲಿಗೆ ನಾವು ಇವತ್ತೂ 'ಕಡತ' ಅನ್ನೋದು ಅಲ್ಲಿಂದಲೇ.) ಊರಿನ ಎಲ್ಲರ ಜಮೀನಿನ ಲೆಕ್ಕ ಒಬ್ಬರ ಮನೆಯಲ್ಲಿ, ಒಬ್ಬರ ಅಕ್ಷರದಲ್ಲಿ, ತಂದೆಯಿಂದ ಮಗನಿಗೆ. ವಂಶಪಾರಂಪರ್ಯದ ಆ ಹುದ್ದೆಗಳನ್ನ 1961ರ ಕಾಯ್ದೆ ತೆಗೆದುಹಾಕಿತು, ಅದು ಜಾರಿಯಾಗಿದ್ದು 1963ರಲ್ಲಿ. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು. ಹುದ್ದೆ ಬದಲಾಯ್ತು. ಪುಸ್ತಕ ಮಾತ್ರ ಅವರ ಕಡೆಗೇ ತಿರುಗಿಕೊಂಡಿತ್ತು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು, ಒಬ್ಬೊಬ್ಬರಿಗೆ ಮೂರ್ನಾಲ್ಕು ಊರು. ಪಹಣಿ ಬೇಕಂದ್ರೆ ಮೊದಲು ಅವರು ಇವತ್ತು ಯಾವ ಊರಲ್ಲಿದ್ದಾರೆ ಅಂತ ಹುಡುಕಬೇಕು. ಸಿಕ್ಕಿ, ಅವರು ಬರೆದುಕೊಟ್ಟರೆ ತಗೋಬೇಕು. ಮೂಲ ಪುಸ್ತಕದಲ್ಲಿ ಏನಿದೆ, ಅದರಿಂದ ಅವರು ಏನು ಇಳಿಸಿದರು ಅನ್ನೋದನ್ನ ಎದುರಿಗೆ ನಿಂತವರು ನೋಡೋ ಹಾಗಿರಲಿಲ್ಲ.

ವಿಶ್ವಬ್ಯಾಂಕಿಗಾಗಿ ಸುಭಾಷ್ ಭಟ್ನಾಗರ್ ಮತ್ತು ರಾಜೀವ್ ಚಾವ್ಲಾ ಬರೆದ ಅಧ್ಯಯನದಲ್ಲಿ ಆ ಕಾಲದ ಲೆಕ್ಕ ಇದೆ: ಪಹಣಿ ಕೈಗೆ ಬರೋಕೆ 3ರಿಂದ 30 ದಿನ, ಕೊಡಬೇಕಾಗಿದ್ದ ಲಂಚ 100ರಿಂದ 2,000 ರೂಪಾಯಿ. ಬ್ಯಾಂಕಿನಲ್ಲಿ ಬೆಳೆ ಸಾಲಕ್ಕೂ ಪಹಣಿ ಬೇಕು, ಕೋರ್ಟಿಗೂ ಬೇಕು. ಮುಂಗಾರು ಶುರುವಾದ ಮೇಲೆ 30 ದಿನ ಅಂದ್ರೆ ಏನು ಅಂತ ನಿಮ್ಮ ಮನೆಯಲ್ಲಿ ಕೇಳಿ, ನಾನು ವಿವರಿಸೋದು ಬೇಡ.

(ಭಾಗ 5)

ಆಮೇಲೆ 'ಭೂಮಿ' ಬಂತು. ಆಗಿನ ಮುಖ್ಯಮಂತ್ರಿ ಎಸ್. ಎಂ. ಕೃಷ್ಣ, ಯೋಜನೆ ನಡೆಸಿದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ, ಸಾಫ್ಟ್‌ವೇರ್ ಕೇಂದ್ರ ಸರ್ಕಾರದ ಎನ್‌ಐಸಿಯದು. 2 ಕೋಟಿ ಪಹಣಿ, 67 ಲಕ್ಷ ಭೂಮಾಲೀಕರು, ಆಗಿದ್ದ 177 ತಾಲ್ಲೂಕುಗಳಲ್ಲಿ ಒಂದೊಂದು ಕೇಂದ್ರ. ನಮ್ಮ ಕೋಲಾರ ಜಿಲ್ಲೆಗೆ ಆಗ 11 ತಾಲ್ಲೂಕು. ಚಿಕ್ಕಬಳ್ಳಾಪುರ ಬೇರೆಯಾಗಿದ್ದು 2007ರಲ್ಲಿ. ಪಹಣಿಗೆ 15 ರೂಪಾಯಿ. ಕಂಪ್ಯೂಟರ್ ಪಹಣಿ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಸರ್ಕಾರ ಹೇಳಿಬಿಟ್ಟಿತು. ಆ ಒಂದು ನಿರ್ಧಾರ ಇಲ್ಲದಿದ್ರೆ ಕಂಪ್ಯೂಟರ್ ಒಂದು ಕಡೆ, ಪುಸ್ತಕ ಒಂದು ಕಡೆ ನಡೀತಾ ಇರ್ತಿತ್ತು ಅಂತ ನನಗನ್ನಿಸುತ್ತೆ.

ಎಲ್ಲರೂ ಹೊಗಳೋದು ಬೆರಳಚ್ಚಿನ ವಿಷಯ. ಆಪರೇಟರ್ ಒಳಗೆ ಹೋಗೋಕೆ ಪಾಸ್‌ವರ್ಡ್ ಸಾಲದು, ಬೆರಳು ಒತ್ತಬೇಕು; ಹಾಗಾಗಿ ಆಮೇಲೆ 'ನಾನಲ್ಲ ಸಾರ್' ಅನ್ನೋ ಹಾಗಿಲ್ಲ. ಇನ್ನು ಕೆಲವರು ಹೊಗಳೋದು ಖಾತೆ ಬದಲಾವಣೆಯ ಸರದಿಯನ್ನ: ಮೊದಲು ಬಂದ ಅರ್ಜಿ ಬಿಟ್ಟು ಹಿಂದಿನದನ್ನ ಮುಂದಕ್ಕೆ ತೆಗೆಯೋಕೆ ಸಾಫ್ಟ್‌ವೇರೇ ಬಿಡಲ್ಲ. ಎರಡೂ ದೊಡ್ಡವೇ. ಆದರೆ ನನಗೆ ಇಷ್ಟವಾಗಿದ್ದು ಅದೇ ಅಧ್ಯಯನದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗೋ ವಿಷಯ. ಕೇಂದ್ರದಲ್ಲಿ ಎರಡನೇ ಸ್ಕ್ರೀನ್ ಒಂದಿದೆ. ಅದು ಆಪರೇಟರಿನ ಕಡೆಗಲ್ಲ, ಕೌಂಟರಿನ ಮುಂದೆ ನಿಂತವರ ಕಡೆಗೆ ತಿರುಗಿದೆ, ನಡೀತಿರೋ ಕೆಲಸ ಅವರಿಗೂ ಕಾಣಲಿ ಅಂತ.

ಸ್ವಲ್ಪ ನಿಂತು ಯೋಚಿಸಿ. 2000ನೇ ಇಸವಿಯ ಆಸುಪಾಸು. ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಚೇರಿಗಳಲ್ಲೂ ಹೆಚ್ಚಿನವರ ಮೇಜಿನ ಮೇಲೆ ಒಂದೇ ಡಬ್ಬದಂಥ ಮಾನಿಟರ್ ಇದ್ದ ಕಾಲ. ಆಗ ಶ್ರೀನಿವಾಸಪುರದ ಮಾವಿನ ತೋಟದವರಿಗೆ, ಮುಳಬಾಗಿಲಿನ ಟೊಮೇಟೊ ಬೆಳೆಯೋರಿಗೆ ಅಂತ ಎರಡನೇ ಮಾನಿಟರ್ ಇಡಬೇಕು ಅಂತ ಯಾರೋ ಬರೆದರು, ಯಾರೋ ಅದಕ್ಕೆ ದುಡ್ಡು ಮಂಜೂರು ಮಾಡಿದರು. ನಾವು ಎರಡನೇ ಮಾನಿಟರ್ ತಗೊಳ್ಳೋದು ನಮ್ಮ ಕೆಲಸ ಬೇಗ ಆಗಲಿ ಅಂತ. ಆ ಎರಡನೇ ಮಾನಿಟರಿನಿಂದ ಆಪರೇಟರಿಗೆ ಏನೂ ಲಾಭ ಇರಲಿಲ್ಲ. ಅದು ಪೂರ್ತಿ ಎದುರಿಗಿರೋರಿಗೆ. ಕಡತ ಮೊದಲ ಸಲ ಊರಿನ ಕಡೆಗೆ ಮುಖ ತಿರುಗಿಸಿತು.

(ಭಾಗ 6)

ಆದರೆ ಮುಖ ತಿರುಗಿಸಿದರೆ ಸಾಲದು, ಸರಿಯಾದ ವಿಂಡೋ ಆ ಮುಖದ ಮೇಲೆ ಇರಬೇಕು.

ಎರಡು ಸ್ಕ್ರೀನ್ ಜೋಡಿಸೋಕೆ ಎರಡು ದಾರಿ. ಒಂದು ನಕಲು: ಎರಡರಲ್ಲೂ ಒಂದೇ ಚಿತ್ರ. ಸಣ್ಣ ಸ್ಪ್ಲಿಟರ್ ಡಬ್ಬಿ ಹಾಕಿ ವಿಜಿಎ ವೈರನ್ನ ಎರಡಾಗಿ ಒಡೆದರೂ ಆಗುತ್ತೆ. ಆಗ ಕಂಪ್ಯೂಟರಿಗೆ ತನಗೆ ಎರಡು ಮಾನಿಟರ್ ಇರೋದು ಗೊತ್ತೇ ಆಗಲ್ಲ. ಇನ್ನೊಂದು ವಿಸ್ತರಣೆ: ಭಾಗ 2ರಲ್ಲಿ ಹೇಳಿದ ಹಾಗೆ ಒಂದು ಹೊಲ, ಎರಡು ಹಿಸ್ಸೆ. ವಿಂಡೋಸ್ 7ರಿಂದ ವಿಂಡೋಸ್ ಕೀ ಜೊತೆ ಪಿ ಒತ್ತಿದ್ರೆ ಯಾವುದು ಬೇಕು ಅಂತ ಕೇಳುತ್ತಲ್ಲ, ಅದೇ. ನಕಲಿನಲ್ಲಿ ವಿಂಡೋ ಜಾಗ ತಪ್ಪಿದರೂ ಎರಡೂ ಕಡೆ ಒಂದೇ ಥರ ತಪ್ಪುತ್ತೆ, ಮುಚ್ಚಿಡೋಕೆ ಆಗಲ್ಲ. ವಿಸ್ತರಣೆಯಲ್ಲಿ ವಿಂಡೋ ಎಲ್ಲಿದೆ ಅನ್ನೋದರ ಮೇಲೆ ಯಾರು ನೋಡ್ತಾರೆ ಅನ್ನೋದು ನಿಂತಿದೆ.

ಇದು ನನಗೆ ತಲೆಗೆ ಹೋಗಿದ್ದು ಪುಸ್ತಕದಿಂದಲ್ಲ. ತಾತ ತೀರಿಕೊಂಡ ಮೇಲೆ ಪೌತಿ ಖಾತೆ ಮಾಡಿಸೋಕೆ ಅಂತ ಅಜ್ಜಿಯನ್ನ ಕರ್ಕೊಂಡು ಒಂದು ಕೌಂಟರಿಗೆ ಹೋಗಿದ್ದೆ. ಯಾವ ಊರು, ಯಾವ ಕೌಂಟರ್ ಅನ್ನೋದು ಬೇಡ, ಕೂತಿದ್ದ ಹುಡುಗ ಒಳ್ಳೆಯವನೇ. ಅಲ್ಲೂ ಎರಡು ಸ್ಕ್ರೀನ್, ವಿಸ್ತರಣೆಯಲ್ಲಿ. ನಮ್ಮ ಮುಂದಿದ್ದವರಿಗೆ ಅವರ ಅರ್ಜಿಯ ವಿಂಡೋ ಹೊರಗಿನ ಸ್ಕ್ರೀನಿನಲ್ಲಿ ಕಾಣ್ತಿತ್ತು. ನಮ್ಮ ಸರದಿ ಬರೋ ಹೊತ್ತಿಗೆ ಕರೆಂಟು ಮಿಟುಕಿ, ಹೊರಗಿನ ಮಾನಿಟರ್ ಆರಿ ಹತ್ತಿತು. ಆಮೇಲೆ ನಮ್ಮ ಕಡೆ ಬರೀ ನೀಲಿ ಗುಡ್ಡದ ವಾಲ್‌ಪೇಪರ್. ವಿಂಡೋ ಅವನ ಕಡೆಗೆ ಹೋಗಿ ಕೂತಿತ್ತು. ಅವನು ಅದನ್ನ ಗಮನಿಸದೆ ಟೈಪ್ ಮಾಡ್ತಾ ಹೋದ. ನಾನೂ ಫೋನ್ ನೋಡ್ತಾ ನಿಂತಿದ್ದೆ, ಸುಳ್ಳು ಯಾಕೆ ಹೇಳಲಿ.

ಅಜ್ಜಿಗೆ ಓದು ಬರಲ್ಲ. ಅಂಕಿ ಬರುತ್ತೆ. "ಯಾಕಪ್ಪಾ, ಅವರಿಗೆಲ್ಲ ಬಂತು, ನನಗೆ ಇದರಲ್ಲಿ ಏನೂ ಬರ್ತಿಲ್ವಲ್ಲ?" ಅಂದಳು. ಅವನು "ಓ, ಸಾರಿ ಅಜ್ಜಿ" ಅಂತ ವಿಂಡೋವನ್ನ ಮೌಸಿನಲ್ಲಿ ಎಳೆದು ನಮ್ಮ ಕಡೆ ತಂದ. ಅಜ್ಜಿ ಗಾಜಿಗೆ ಬೆರಳಿಟ್ಟು ಅಂಕಿ ಹುಡುಕಿದಳು. ಸರ್ವೆ ನಂಬರ್ ಸರಿ. ವಿಸ್ತೀರ್ಣ 1 ಎಕರೆ 2 ಗುಂಟೆ. "ಹನ್ನೆರಡಲ್ವಾ?" ಅಂದಳು. ಹಳೇ ಪಹಣಿ ತೆಗೆದು ನೋಡಿದ್ರೆ 1 ಎಕರೆ 12 ಗುಂಟೆ. ಒಂದು ಒತ್ತು ಬಿಟ್ಟುಹೋಗಿತ್ತು, ಅಷ್ಟೇ. ಅವನು ತಿದ್ದಿದ, ಎರಡು ಸೆಕೆಂಡ್ ಹಿಡೀತು.

ಆ ವಿಂಡೋ ಎರಡು ಅಡಿ ಆಚೆಗೇ ಉಳಿದಿದ್ರೆ 10 ಗುಂಟೆ, ಕಾಲು ಎಕರೆ, ಕಾಗದದ ಮೇಲೆ ಇರ್ತಿರಲಿಲ್ಲ. ತಿದ್ದುಪಡಿಗೆ ಅರ್ಜಿ, ಹಳೇ ದಾಖಲೆಯ ಪ್ರತಿ, ಮತ್ತೆ ಓಡಾಟ. ಯಾರೂ ಮೋಸ ಮಾಡಿರಲಿಲ್ಲ ಅನ್ನೋದು ಇದರಲ್ಲಿ ಮುಖ್ಯ. ಬರೀ ಒಂದು ವಿಂಡೋ ತನ್ನ ಜಾಗ ಮರೆತಿತ್ತು.

(ಭಾಗ 7)

ಯಾಕೆ ಮರೆಯುತ್ತೆ? ಈಗ ಸೆಟ್ಟಿಂಗ್ ಕೇಳಿದವರು ಹತ್ತಿರ ಬನ್ನಿ.

ಹಳೇ ವಿಜಿಎ ವೈರಿನಲ್ಲಿ ಮಾನಿಟರಿನ ಸ್ವಿಚ್ ಆರಿಸಿದರೂ ಸಾಮಾನ್ಯವಾಗಿ ಕಂಪ್ಯೂಟರಿಗೆ ಅದರ ಸುದ್ದಿ ಹೋಗ್ತಿರಲಿಲ್ಲ. ಅದು ಪಾಪ ಚಿತ್ರ ಕಳಿಸ್ತಾನೇ ಇರ್ತಿತ್ತು, ವಿಂಡೋಗಳು ಇದ್ದಲ್ಲೇ ಇರ್ತಿದ್ದವು. 2006ರಲ್ಲಿ ಬಂದ ಡಿಸ್‌ಪ್ಲೇಪೋರ್ಟ್‌ನಂಥ ಹೊಸ ವೈರುಗಳಲ್ಲಿ 'ನಾನಿದ್ದೀನಿ' ಅಂತ ಮಾನಿಟರ್ ಹೇಳ್ತಾ ಇರೋಕೆ ಒಂದು ತಂತಿ ಇದೆ. ಬಹಳಷ್ಟು ಮಾನಿಟರುಗಳಲ್ಲಿ ಸ್ವಿಚ್ ಆರಿಸಿದ ಕೂಡಲೇ ಆ ದನಿ ನಿಲ್ಲುತ್ತೆ. ಕಂಪ್ಯೂಟರ್ 'ಮಾನಿಟರ್ ಕಿತ್ತರು' ಅಂತ ತಿಳಿದು ವಿಂಡೋಗಳನ್ನ ಎತ್ತಿ ಆಚೆ ಹಾಕುತ್ತೆ. ತಂತ್ರಜ್ಞಾನ ಚುರುಕಾದಷ್ಟೂ ಈ ಗೋಳು ಜಾಸ್ತಿಯಾಯ್ತು. ನನಗಂತೂ ಇದು ಓದಿ ನಗು ಬಂತು.

ವಾಪಸ್ ಬಂದ ಮಾನಿಟರ್ ಮೊದಲಿನದೇ ಅಂತ ಗುರುತು ಹಿಡಿಯೋಕೂ ಒಂದು ಏರ್ಪಾಡಿದೆ. 1994ರಿಂದ ಮಾನಿಟರುಗಳು ಇಡಿಐಡಿ ಅನ್ನೋ ಸಣ್ಣ ಪರಿಚಯ ಚೀಟಿ ಇಟ್ಟುಕೊಂಡಿರ್ತವೆ: ಯಾವ ಕಂಪನಿ, ಯಾವ ಮಾಡೆಲ್, ಸೀರಿಯಲ್ ನಂಬರ್ ಎಷ್ಟು. ತೊಂದರೆ ಏನಂದ್ರೆ ಕೆಲವು ಅಗ್ಗದ ಮಾನಿಟರುಗಳಲ್ಲಿ ಸೀರಿಯಲ್ ನಂಬರ್ ಸರಿಯಾಗಿ ತುಂಬಿರಲ್ಲ. ಒಂದೇ ಥರದ ಎರಡನ್ನ ಪಕ್ಕಪಕ್ಕ ಇಟ್ಟರೆ ಎಡದ್ದು ಯಾವುದು ಬಲದ್ದು ಯಾವುದು ಅಂತ ಕಂಪ್ಯೂಟರಿಗೇ ಅನುಮಾನ. ಒಂದೇ ಹೆಸರಿನ ಇಬ್ಬರು ರೈತರು, ತಂದೆ ಹೆಸರು ಬರೆದಿಲ್ಲ. ಪಹಣಿಯ 9ನೇ ಕಲಂನಲ್ಲಿ ಇದರಿಂದ ಎಷ್ಟು ಕೇಸು ನಡೀತಿವೆ ಅಂತ ಯಾರಾದ್ರೂ ವಕೀಲರನ್ನ ಕೇಳಿ.

ಸರಿಯಾದ ಉತ್ತರ ಬಂದಿದ್ದು 2021ರ ಅಕ್ಟೋಬರಿನಲ್ಲಿ, ವಿಂಡೋಸ್ 11ರ ಜೊತೆ. ಸೆಟ್ಟಿಂಗ್ಸ್‌ಗೆ ಹೋಗಿ ಸಿಸ್ಟಮ್, ಅದರಲ್ಲಿ ಡಿಸ್‌ಪ್ಲೇ, ಅದರಲ್ಲಿ ಮಲ್ಟಿಪಲ್ ಡಿಸ್‌ಪ್ಲೇಸ್. ಅಲ್ಲಿ 'ರಿಮೆಂಬರ್ ವಿಂಡೋ ಲೊಕೇಶನ್ಸ್ ಬೇಸ್ಡ್ ಆನ್ ಮಾನಿಟರ್ ಕನೆಕ್ಷನ್' ಅಂತ ಒಂದು ಗುರುತಿನ ಚೌಕ ಇದೆ. ಅದನ್ನ ಒತ್ತಿಡಿ. ಮಾನಿಟರ್ ಹೋಗಿ ಬಂದಾಗ ಯಾವ ವಿಂಡೋ ಎಲ್ಲಿತ್ತು ಅನ್ನೋದನ್ನ ಅದು ನೆನಪಿಟ್ಟುಕೊಂಡು ವಾಪಸ್ ಕಳಿಸುತ್ತೆ. ಅದರ ಕೆಳಗೇ, ಮಾನಿಟರ್ ಹೋದಾಗ ಅದರ ವಿಂಡೋಗಳನ್ನ ಈ ಕಡೆ ಗುಡ್ಡೆ ಹಾಕದೆ ಮಡಚಿ ಕೆಳಗಿಡೋ ಚೌಕವೂ ಇದೆ.

ನನ್ನ ಹಾಗೆ ಹಳೇ ಯಂತ್ರ ಇರೋರು: ವಿಂಡೋಸ್ ಕೀ, ಶಿಫ್ಟ್, ಬಾಣದ ಗುರುತು ಒಟ್ಟಿಗೆ ಒತ್ತಿದ್ರೆ ವಿಂಡೋ ಒಂದು ಮಾನಿಟರಿನಿಂದ ಇನ್ನೊಂದಕ್ಕೆ ಹಾರುತ್ತೆ. ಕಾಣದ ಜಾಗದಲ್ಲಿ ಸಿಕ್ಕಿಹಾಕಿಕೊಂಡ ವಿಂಡೋಗೆ ಆಲ್ಟ್ ಜೊತೆ ಸ್ಪೇಸ್, ಆಮೇಲೆ ಎಂ, ಆಮೇಲೆ ಒಂದು ಬಾಣ ಒತ್ತಿ ಮೌಸ್ ಅಲ್ಲಾಡಿಸಿ. ಮೌಸಿಗೆ ಅಂಟಿಕೊಂಡು ಹೊರಗೆ ಬರುತ್ತೆ. ಪವರ್‌ಟಾಯ್ಸ್ ಅನ್ನೋ ಮೈಕ್ರೋಸಾಫ್ಟಿನ ಉಚಿತ ಸಾಧನದಲ್ಲಿ ಫ್ಯಾನ್ಸಿಜೋನ್ಸ್ ಇದೆ, ಸ್ಕ್ರೀನನ್ನ ಹಿಸ್ಸೆ ಮಾಡಿ ವಿಂಡೋಗಳನ್ನ ಅದರೊಳಗೆ ಕೂರಿಸಬಹುದು. ಲಿನಕ್ಸ್ ಬಳಸೋ ನಮ್ಮ ಕ್ಲಾಸಿನ ಇಬ್ಬರಿಗೆ ಮಾತ್ರ: ಹೊಸ ವೇಲ್ಯಾಂಡ್ ಪದ್ಧತಿಯಲ್ಲಿ ಸಾಮಾನ್ಯ ಪ್ರೋಗ್ರಾಮು ತನ್ನ ಜಾಗ ತಾನೇ ಗೊತ್ತುಮಾಡಿಕೊಳ್ಳೋ ಹಾಗೇ ಇಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ. ಜಾಗ ಕೊಡೋದು ಡೆಸ್ಕ್‌ಟಾಪಿನ ಕೆಲಸ. ಒತ್ತುವರಿಗೆ ಅವಕಾಶವೇ ಇಲ್ಲ ಅನ್ನಿ.

(ಭಾಗ 8, ಕೊನೆಯದು)

'ಭೂಮಿ'ಯನ್ನ ಬರೀ ಹೊಗಳಿ ಬಿಟ್ಟರೆ ಚರಿತ್ರೆ ಆಗಲ್ಲ. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಒಂದು ಅಧ್ಯಯನ ಬರೆದರು. ದಾಖಲೆ ಊರಿನಿಂದ ತಾಲ್ಲೂಕಿಗೆ ಹೋಗಿದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಮಟ್ಟದಲ್ಲಿ ಜಮೀನು ಕೊಳ್ಳೋರಿಗೆ ಅನುಕೂಲವಾಯ್ತು, ಲಂಚ ಹೋಗದೆ ಮೇಲಕ್ಕೆ ಸರಿಯಿತು ಅಂತ ಅವರ ವಾದ. ಬೆಂಗಳೂರಿಗೂ ಹೊಸೂರಿಗೂ ಹತ್ತಿರ ಇರೋ ಮಾಲೂರಿನ ಗೆಳೆಯರಿಗೆ ಈ ವಾದ ಅರ್ಥ ಮಾಡಿಸೋ ಅಗತ್ಯ ಇಲ್ಲ ಅಂದುಕೊಳ್ತೀನಿ. ದಾಖಲೆ ಎಲ್ಲರಿಗೂ ಕಂಡರೆ, ಕೊಳ್ಳೋಕೆ ಕಾಯ್ತಿರೋರಿಗೂ ಕಾಣುತ್ತೆ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದರೂ ಎರಡನೇ ಸ್ಕ್ರೀನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಟೈಪ್ ಮಾಡುವಾಗ ಕಾಣೋದಕ್ಕೂ, ಮುದ್ರೆ ಬಿದ್ದ ಮೇಲೆ ಕಾಣೋದಕ್ಕೂ ವ್ಯತ್ಯಾಸ ಇದೆ.

ಈಗ ಪಹಣಿ ಫೋನಿನಲ್ಲೇ ನೋಡಬಹುದು, ಅದಕ್ಕೇ ಎರಡನೇ ಸ್ಕ್ರೀನ್ ಯಾಕೆ ಅಂತ ಕೇಳಬಹುದು. ಫೋನಿನಲ್ಲಿ ಕಾಣೋದು ಬರೆದು ಮುಗಿದ ಮೇಲಿನ ಪಹಣಿ. ಅಜ್ಜಿ ಬೆರಳಿಟ್ಟಿದ್ದು ಬರೀತಾ ಇರುವಾಗ.

ನಿಮಗೊಂದು ಕೆಲಸ. ಪಹಣಿಗೋ, ಜಾತಿ ಆದಾಯ ಸರ್ಟಿಫಿಕೇಟಿಗೋ ಮುಂದಿನ ಸಲ ಯಾವುದಾದ್ರೂ ಕೌಂಟರಿಗೆ ಹೋದಾಗ ಮೂರು ವಿಷಯ ನೋಡ್ಕೊಂಡು ಬನ್ನಿ. ನಿಮ್ಮ ಕಡೆಗೆ ತಿರುಗಿದ ಸ್ಕ್ರೀನ್ ಇದೆಯಾ? ಹತ್ತಿದೆಯಾ? ಹತ್ತಿದ್ರೆ ಅದರ ಮೇಲೆ ನಿಮ್ಮ ಅರ್ಜಿ ಕಾಣ್ತಿದೆಯಾ, ಇಲ್ಲಾ ಬರೀ ವಾಲ್‌ಪೇಪರಾ? ಕಚೇರಿ ಹೆಸರು, ಯಾರ ಹೆಸರೂ ಬೇಡ, ಫೋಟೋನೂ ಬೇಡ. ತಾಲ್ಲೂಕಿನ ಹೆಸರು ಮಾತ್ರ ಕಾಮೆಂಟಿನಲ್ಲಿ ಹಾಕಿ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಪಕ್ಕದಲ್ಲಿ ಹೌದು ಅಥವಾ ಇಲ್ಲ. ವಾಲ್‌ಪೇಪರ್ ಕಂಡರೆ ಅಲ್ಲೇ ಮೆಲ್ಲಗೆ ಹೇಳಿ, "ಸಾರ್, ಸ್ವಲ್ಪ ಈ ಕಡೆ ಎಳೀರಿ."

#ಕೋಲಾರ #ನಮ್ಮೂರ_ಚರಿತ್ರೆ #ಪಹಣಿ #ಎರಡನೇಸ್ಕ್ರೀನ್